ಎತ್ತಿಗೆ ಜ್ವರ, ಎಮ್ಮೆಗೆ ಬರೆ

ದುಃಖವನ್ನು ಸಹಿಸಬಲ್ಲ ಮನುಷ್ಯನೂ ಕಾರಣ ತಿಳಿಯದ ದುಃಖವನ್ನು ಸಹಿಸಲಾರ. ಬೆಳೆ ಒಣಗಿದರೆ ಮಳೆಯನ್ನು ದೂರುತ್ತಾನೆ; ವ್ಯಾಪಾರ ಮುಳುಗಿದರೆ ಪಾಲುಗಾರನನ್ನು ದೂರುತ್ತಾನೆ; ಯಾರೂ ಸಿಕ್ಕದಿದ್ದರೆ ಶನಿಮಹಾರಾಜನಾದರೂ ಇದ್ದೇ ಇದ್ದಾನೆ. ಆದರೆ ನಿನ್ನೆ ಮೊನ್ನೆಯವರೆಗೆ ಪುಸ್ತಕದ ಚೀಲ ಹೊತ್ತು ಓಡಾಡುತ್ತಿದ್ದ ಹುಡುಗನೊಬ್ಬ ಒಂದು ಬೆಳಗ್ಗೆ ಬಂದೂಕು ಹಿಡಿದು ತನ್ನ ಶಾಲೆಗೇ ಹೋಗಿ ಸಹಪಾಠಿಗಳನ್ನು ಕೊಂದನೆಂಬ ಸುದ್ದಿ ಬಂದಾಗ ಯಾರನ್ನು ದೂರುವುದು? ಹೆತ್ತವರನ್ನೆ? ಅವರೂ ನಾಲ್ಕು ಜನರಂತೆ ಮರ್ಯಾದೆಯಿಂದ ಬಾಳಿದವರು. ಉಪಾಧ್ಯಾಯರನ್ನೆ? ಅವರಲ್ಲಿ ಕೆಲವರು ಅದೇ ಗುಂಡಿಗೆ ಬಲಿಯಾದವರು. ಇಂಥ ಹೊತ್ತಿನಲ್ಲಿ ಹುಡುಗನ ಕೋಣೆಯ ಮೂಲೆಯಲ್ಲಿದ್ದ ಒಂದು ವಸ್ತು ಎಲ್ಲರ ಕಣ್ಣಿಗೂ ಒಮ್ಮೆಲೇ ಬೀಳುತ್ತದೆ. ಅದು ಅವನು ಆಡುತ್ತಿದ್ದ ವಿಡಿಯೋ ಗೇಮು. ಅದರ ಪರದೆಯ ಮೇಲೆ ಬಂದೂಕಿದೆ, ರಕ್ತವಿದೆ, ಬಿದ್ದ ಹೆಣಗಳ ಲೆಕ್ಕವೂ ಇದೆ. ಅಪರಾಧಿಯನ್ನು ಹಿಡಿಯಲು ಇನ್ನೇನು ಸಾಕ್ಷ್ಯ ಬೇಕು?

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ೧೯೯೯ರ ಏಪ್ರಿಲ್ ೨೦ರಂದು ಆದದ್ದು ಹೀಗೆಯೇ. ಕೊಲಂಬೈನ್ ಹೈಸ್ಕೂಲಿನ ಇಬ್ಬರು ಹಿರಿಯ ತರಗತಿಯ ಹುಡುಗರು ಅಂದು ೧೨ ಮಂದಿ ವಿದ್ಯಾರ್ಥಿಗಳನ್ನೂ ಒಬ್ಬ ಉಪಾಧ್ಯಾಯರನ್ನೂ ಕೊಂದು, ತಾವೂ ಗುಂಡು ಹಾರಿಸಿಕೊಂಡು ಸತ್ತರು. ಅವರಿಬ್ಬರೂ ‘ಡೂಮ್’ ಎಂಬ ಆಟದಲ್ಲಿ ಮುಳುಗಿರುತ್ತಿದ್ದರೆಂದು ತಿಳಿದದ್ದೇ ತಡ, ದೇಶಕ್ಕೆ ದೇಶವೇ ಆ ಆಟದ ಕಡೆಗೆ ಬೆರಳು ತೋರಿಸಿತು. ಸತ್ತ ಉಪಾಧ್ಯಾಯರ ಮನೆಯವರು ಆಟ ತಯಾರಿಸಿದ ಕಂಪೆನಿಗಳ ಮೇಲೆ ದಾವೆ ಹೂಡಿದರು. ೨೦೦೨ರಲ್ಲಿ ನ್ಯಾಯಾಲಯ ಆ ದಾವೆಯನ್ನು ವಜಾ ಮಾಡಿತು. ‘ಡೂಮ್’ ೧೯೯೩ರಲ್ಲೇ ಹೊರಬಂದಿತ್ತು. ಅದನ್ನು ಆಡಿದವರು ಲಕ್ಷಗಟ್ಟಲೆ ಜನ. ಅವರೆಲ್ಲರೂ ಊಟದ ಹೊತ್ತಿಗೆ ಯಂತ್ರವನ್ನು ಆರಿಸಿ ಊಟಕ್ಕೆದ್ದು ಹೋದವರೇ. ಇಬ್ಬರು ಮಾತ್ರ ಹಾಗೆ ಹೋಗಲಿಲ್ಲ. ಆ ಇಬ್ಬರಲ್ಲಿ ಬೇರೆ ಏನಿತ್ತು ಎಂಬುದು ಕೇಳಬೇಕಾಗಿದ್ದ ಪ್ರಶ್ನೆ. ಎಲ್ಲರಲ್ಲೂ ಸಮಾನವಾಗಿ ಏನಿತ್ತು ಎಂಬುದು ಕೇಳಿಬಂದ ಪ್ರಶ್ನೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ಕೇಳಿ ಎಲ್ಲರೂ ನಗುತ್ತಾರೆ. ಎಮ್ಮೆಯ ಸಂಕಟಕ್ಕಾಗಿ ಮರುಗುವವರೂ ಉಂಟು. ಆದರೆ ಆ ಗಾದೆಯಲ್ಲಿ ನಿಜವಾಗಿ ಮರೆತುಹೋಗುವ ಪ್ರಾಣಿ ಎತ್ತು. ಬರೆ ಹಾಕಿ ಮುಗಿಯಿತು, ಔಷಧ ಮಾಡಿದಂತಾಯಿತು ಎಂದು ಮನೆಯವರೆಲ್ಲ ಸಮಾಧಾನದಿಂದ ಮಲಗುತ್ತಾರೆ. ಎತ್ತು ಕೊಟ್ಟಿಗೆಯಲ್ಲಿ ಜ್ವರದಿಂದ ಬೇಯುತ್ತಲೇ ಇರುತ್ತದೆ. ವಿಡಿಯೋ ಗೇಮುಗಳ ಮೇಲಿನ ಅಪವಾದದ ಕಥೆಯನ್ನು ಈ ದೃಷ್ಟಿಯಿಂದ ನೋಡತಕ್ಕದ್ದು. ಆಟಗಳಿಗೆ ಅನ್ಯಾಯವಾಯಿತೇ ಎಂಬುದು ಇಲ್ಲಿ ಸಣ್ಣ ಮಾತು. ಕೋಟ್ಯಂತರ ರೂಪಾಯಿ ಸಂಪಾದಿಸುವ ಕಂಪೆನಿಗಳು ತಮ್ಮ ನ್ಯಾಯವನ್ನು ತಾವೇ ನೋಡಿಕೊಳ್ಳಬಲ್ಲವು. ಆ ಗದ್ದಲದಲ್ಲಿ ಹುಡುಗನ ಗತಿ ಏನಾಯಿತು ಎಂಬುದೇ ದೊಡ್ಡ ಮಾತು.

ಈ ಬರೆ ಹಾಕುವ ಪದ್ಧತಿ ವಿಡಿಯೋ ಗೇಮಿಗಿಂತ ಹಳೆಯದು. ೧೯೫೦ರ ಸುಮಾರಿನ ಅಮೆರಿಕದಲ್ಲಿ ಬಾಲಾಪರಾಧಿಗಳ ವಿಷಯವಾಗಿ ದೊಡ್ಡ ಕಳವಳವಿತ್ತು. ಆಗ ಸಿಕ್ಕಿಬಿದ್ದ ಎಮ್ಮೆ ಕಾಮಿಕ್ಸ್, ಎಂದರೆ ಮಕ್ಕಳ ಚಿತ್ರಕಥೆಯ ಪುಸ್ತಕ. ಅದನ್ನು ಕಟಕಟೆಗೆ ಎಳೆತಂದವರು ಡಾಕ್ಟರ್ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು. ಅವರು ಕಟುಕ ಮನಸ್ಸಿನವರಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ, ಬೇರೆ ವೈದ್ಯರು ಮುಟ್ಟಲೂ ಒಪ್ಪದ ಬಡ ಕರಿಯ ಜನರಿಗಾಗಿ, ೧೯೪೬ರಲ್ಲಿ ಚರ್ಚಿನ ನೆಲಮಾಳಿಗೆಯೊಂದರಲ್ಲಿ ಚಿಕಿತ್ಸಾಲಯ ತೆರೆದವರು. ಅಲ್ಲಿ ಫೀಜು ೨೫ ಸೆಂಟು. ಅದೂ ಕೊಡಬಲ್ಲವರಿಂದ ಮಾತ್ರ. ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವುದು ಮಕ್ಕಳ ಮನಸ್ಸಿಗೆ ಗಾಯವೆಂದು ನ್ಯಾಯಾಲಯದ ಮುಂದೆ ಸಾಕ್ಷ್ಯ ನುಡಿದವರು. ಅಂಥ ಸಜ್ಜನರು ತಮ್ಮ ಬಳಿಗೆ ಬರುವ ತುಂಟ ಮಕ್ಕಳೆಲ್ಲ ಕಾಮಿಕ್ಸ್ ಓದುವುದನ್ನು ಕಂಡರು. ಆ ಕಾಲದಲ್ಲಿ ತುಂಟರಲ್ಲದ ಮಕ್ಕಳೂ ಬಹುಮಟ್ಟಿಗೆ ಅವನ್ನೇ ಓದುತ್ತಿದ್ದರು. ಅವರು ಮಾತ್ರ ಚಿಕಿತ್ಸಾಲಯಕ್ಕೆ ಬರುತ್ತಿರಲಿಲ್ಲ.

೧೯೫೪ರಲ್ಲಿ ವರ್ಥಮ್ಮರ ಪುಸ್ತಕ ಪ್ರಕಟವಾಯಿತು. ಅದೇ ವರ್ಷ ಏಪ್ರಿಲ್ ತಿಂಗಳಿನಲ್ಲಿ ಸೆನೆಟ್ ಸಭೆಯ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಕೊಡಲಿಯನ್ನೂ ಕತ್ತರಿಸಿದ ಹೆಂಗಸಿನ ತಲೆಯನ್ನೂ ಹಿಡಿದ ಒಬ್ಬನ ಚಿತ್ರವಿದ್ದ ಮುಖಪುಟವನ್ನು ಸೆನೆಟರ್ ಕೀಫಾವರ್ ಎತ್ತಿ ತೋರಿಸಿ, ಇದು ಸದಭಿರುಚಿಯೇ ಎಂದು ಪ್ರಕಾಶಕ ವಿಲಿಯಂ ಗೇನ್ಸರನ್ನು ಕೇಳಿದರು. ಭೀತಿಯ ಕಥೆಗೆ ಇದು ತಕ್ಕದ್ದೇ, ತಲೆಯನ್ನು ಇನ್ನೂ ಸ್ವಲ್ಪ ಎತ್ತಿಹಿಡಿದು ರಕ್ತ ತೊಟ್ಟಿಕ್ಕುವಂತೆ ಬರೆದಿದ್ದರೆ ತಪ್ಪಾಗುತ್ತಿತ್ತು ಎಂಬ ಅರ್ಥದ ಉತ್ತರ ಕೊಟ್ಟು ಗೇನ್ಸರು ತಮ್ಮ ಪಕ್ಷವನ್ನು ತಾವೇ ಮುಳುಗಿಸಿದರು. ಹೆದರಿದ ಪ್ರಕಾಶಕರೆಲ್ಲ ಸೇರಿ ಒಂದು ಕಟ್ಟುಪಾಡನ್ನು ಮಾಡಿಕೊಂಡರು. ಕಥೆಯಲ್ಲಿ ಯಾವಾಗಲೂ ಒಳ್ಳೆಯದೇ ಗೆಲ್ಲಬೇಕು, ಪೊಲೀಸರನ್ನು ಹೀಗಳೆಯಬಾರದು, ರಕ್ತ ಹೀರುವ ಪಿಶಾಚಿಗಳು ಬರಕೂಡದು. ಪಿಶಾಚಿಗಳು ಪುಸ್ತಕ ಬಿಟ್ಟು ಹೋದವು. ಬಾಲಾಪರಾಧ ಮಾತ್ರ ದೇಶ ಬಿಟ್ಟು ಹೋಗಲಿಲ್ಲ. ೧೯೬೦ರ ನಂತರ ಅಮೆರಿಕದಲ್ಲಿ ಅಪರಾಧಗಳ ಸಂಖ್ಯೆ ಏರುತ್ತಲೇ ಹೋಯಿತು.

ಈ ಕಥೆಗೆ ಬಹುಕಾಲದ ಮೇಲೆ ಒಂದು ಉಪಸಂಹಾರ ದೊರೆಯಿತು. ವರ್ಥಮ್ಮರ ಖಾಸಗಿ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದ್ದವು. ಅವನ್ನು ಓದುವ ಅವಕಾಶ ವಿದ್ವಾಂಸರಿಗೆ ದೊರೆತದ್ದು ೨೦೧೦ರಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರೊಲ್ ಟಿಲ್ಲಿ ಎಂಬ ವಿದುಷಿ ಆ ಟಿಪ್ಪಣಿಗಳನ್ನು ಪುಸ್ತಕದೊಡನೆ ಹೋಲಿಸಿ ೨೦೧೨ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ವರ್ಥಮ್ಮರು ಮಕ್ಕಳ ಮಾತುಗಳನ್ನು ತಿದ್ದಿದ್ದರು, ಇಬ್ಬರ ಮಾತನ್ನು ಒಬ್ಬರ ಬಾಯಲ್ಲಿ ಇಟ್ಟಿದ್ದರು, ತಮಗೆ ಬೇಡವಾದದ್ದನ್ನು ಬಿಟ್ಟಿದ್ದರು. ಶಾಲೆ ತಪ್ಪಿಸಿ ತಿರುಗುತ್ತಿದ್ದ ೧೩ ವರ್ಷದ ಒಬ್ಬ ಹುಡುಗಿಯ ಪ್ರಸಂಗವನ್ನೇ ನೋಡಬಹುದು. ಪುಸ್ತಕದಲ್ಲಿ ಅವಳ ಕೇಡಿಗೆ ಕಾರಣ ಕಾಮಿಕ್ಸ್. ಟಿಪ್ಪಣಿಯಲ್ಲಾದರೋ ಅವಳಿಗೆ ಸರಿಯಾಗಿ ಓದಲು ಬಾರದೆಂದೂ, ಮನೆ ಬಿಟ್ಟು ಓಡಿಹೋಗಿದ್ದಳೆಂದೂ, ಪುಂಡರ ಗುಂಪೊಂದಕ್ಕೆ ಸೇರಿದ್ದಳೆಂದೂ ವೈದ್ಯರ ಕೈಬರಹದಲ್ಲೇ ಇದೆ. ಆ ಸಾಲುಗಳು ಅಚ್ಚಿಗೆ ಬರಲಿಲ್ಲ. ಬಂದಿದ್ದರೆ ಓದಿದವರಲ್ಲಿ ಯಾರಾದರೂ ಆ ಹುಡುಗಿಗೆ ಓದು ಕಲಿಸುವ ಏರ್ಪಾಟು ಬೇಕೆಂದು ಕೇಳುತ್ತಿದ್ದರೋ ಏನೋ. ಕಾಮಿಕ್ಸನ್ನು ಸುಡುವುದು ಸುಲಭ. ಹನ್ನೆರಡಾಣೆ ಪುಸ್ತಕಕ್ಕೆ ಒಂದು ಬೆಂಕಿಕಡ್ಡಿ ಸಾಕು.

ಕಾಮಿಕ್ಸಿನ ಗದ್ದಲ ತಣ್ಣಗಾಗುವ ಹೊತ್ತಿಗೆ ಎಲೆಕ್ಟ್ರಾನಿಕ್ ಆಟಗಳು ಹುಟ್ಟಿದವು. ಅಪವಾದ ಅವುಗಳ ಹೆಗಲಿಗೆ ದಾಟಿತು. ೧೯೭೬ರಲ್ಲಿ ಎಕ್ಸಿಡಿ ಎಂಬ ಕಂಪೆನಿ ‘ಡೆತ್ ರೇಸ್’ ಎಂಬ ಆಟವನ್ನು ಹೊರತಂದಿತು. ಕಪ್ಪುಬಿಳುಪಿನ ಪರದೆಯ ಮೇಲೆ ಕಡ್ಡಿಯಂಥ ಬೊಂಬೆಗಳು ಓಡುತ್ತವೆ. ಆಟಗಾರ ಅವುಗಳ ಮೇಲೆ ಮೋಟಾರು ಹಾಯಿಸಬೇಕು. ಹಾಯಿಸಿದರೆ ಒಂದು ಕಿರಲು ಸದ್ದು, ಒಂದು ಗೋರಿಯ ಶಿಲುಬೆ. ಇಂದಿನ ಮಕ್ಕಳು ನೋಡಿದರೆ ನಕ್ಕುಬಿಡುವಂಥ ಆ ಆಟಕ್ಕೆ ಅಂದು ಆದ ವಿರೋಧದಿಂದ ಅದರ ಮಾರಾಟವೇ ಹೆಚ್ಚಿತು. ೧೯೯೩ರ ಡಿಸೆಂಬರಿನಲ್ಲಿ ಸೆನೆಟರುಗಳಾದ ಲೀಬರ್ಮನ್ ಮತ್ತು ಕೋಲ್ ಮತ್ತೊಂದು ವಿಚಾರಣೆ ನಡೆಸಿದರು. ಸೋತವನ ರುಂಡವನ್ನು ಬೆನ್ನೆಲುಬಿನ ಸಮೇತ ಕಿತ್ತು ತೋರಿಸುವ ‘ಮಾರ್ಟಲ್ ಕಾಂಬ್ಯಾಟ್’ ಅಂದಿನ ಮುಖ್ಯ ಆರೋಪಿ. ಆ ವಿಚಾರಣೆಯಿಂದ ಒಂದು ಒಳ್ಳೆಯ ಕೆಲಸವೂ ಆಯಿತೆಂಬುದನ್ನು ಒಪ್ಪಬೇಕು. ಯಾವ ಆಟ ಯಾವ ವಯಸ್ಸಿನವರಿಗೆ ತಕ್ಕದ್ದೆಂದು ಪೆಟ್ಟಿಗೆಯ ಮೇಲೆ ಗುರುತು ಹಾಕುವ ಪದ್ಧತಿ ೧೯೯೪ರಲ್ಲಿ ಬಂದಿತು.

ಗುರುತು ಸಾಲದು, ಕಾನೂನೇ ಬೇಕು ಎಂದು ಕ್ಯಾಲಿಫೋರ್ನಿಯ ರಾಜ್ಯ ೨೦೦೫ರಲ್ಲಿ ಹೊರಟಿತು. ಕ್ರೌರ್ಯದ ಆಟಗಳನ್ನು ೧೮ ವರ್ಷದೊಳಗಿನವರಿಗೆ ಮಾರಿದರೆ ಸಾವಿರ ಡಾಲರುಗಳವರೆಗೆ ದಂಡ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ ೨೦೧೧ರ ಜೂನಿನಲ್ಲಿ ಏಳು ಜನ ನ್ಯಾಯಮೂರ್ತಿಗಳು ಆ ಕಾನೂನು ನಿಲ್ಲದೆಂದೂ ಇಬ್ಬರು ನಿಲ್ಲಬಹುದೆಂದೂ ಹೇಳಿದರು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಅಜ್ಜಿಕಥೆಗಳನ್ನು ನೆನಪಿಸಿದರು. ಗ್ರಿಮ್ ಸೋದರರ ಕಥೆಗಳಲ್ಲಿ ದುಷ್ಟ ರಾಣಿ ಕಾಸಿದ ಕೆಂಪು ಪಾದರಕ್ಷೆ ತೊಟ್ಟು ಸಾಯುವವರೆಗೆ ಕುಣಿಯಬೇಕಾಗುತ್ತದೆ. ಪಾರಿವಾಳಗಳು ಸಿಂಡರೆಲ್ಲಾಳ ಅಕ್ಕಂದಿರ ಕಣ್ಣು ಕೀಳುತ್ತವೆ. ಇಬ್ಬರು ಮಕ್ಕಳು ಸೇರಿ ಮಾಟಗಾತಿಯನ್ನು ಒಲೆಗೆ ನೂಕುತ್ತಾರೆ. ಇವನ್ನು ಮಕ್ಕಳಿಗೆ ಓದಿ ಹೇಳಿದವರು ತಾಯಂದಿರೇ ಅಲ್ಲವೆ?

ಈ ತೀರ್ಪನ್ನು ಓದುವ ಕನ್ನಡಿಗನಿಗೆ ಗ್ರಿಮ್ ಸೋದರರವರೆಗೆ ಹೋಗಬೇಕಾದ ಅಗತ್ಯವೇ ಬೀಳದು. ಹೊಸ್ತಿಲ ಮೇಲೆ ಕುಳಿತ ನರಸಿಂಹ ಹಿರಣ್ಯಕಶಿಪುವಿನ ಕರುಳನ್ನು ಬಗೆದು ಮಾಲೆ ಹಾಕಿಕೊಂಡ ಕಥೆಯನ್ನು ಕೇಳುತ್ತ ಕೈತುತ್ತು ಉಂಡ ಮಕ್ಕಳು ಎಷ್ಟು ತಲೆಮಾರಿನವರೋ! ಕರಾವಳಿಯ ಬಯಲಿನಲ್ಲಿ ಬೆಳಗಿನ ಜಾವದವರೆಗೆ ಎಚ್ಚರವಿದ್ದು ಭೀಮ ದುಶ್ಶಾಸನನ ಎದೆಯನ್ನು ಸೀಳುವುದನ್ನು ತಾಯ ಮಡಿಲಿನಿಂದಲೇ ನೋಡಿದ ಮಕ್ಕಳಿದ್ದಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕಕ್ಕೆ ಮಕ್ಕಳು ಮರಿಗಳೊಡನೆ ಗಾಡಿ ಕಟ್ಟಿಕೊಂಡು ಹೋದವರಿದ್ದಾರೆ. ಅವರಾರೂ ಮರುದಿನ ಗದೆ ಹಿಡಿದು ಬೀದಿಗಿಳಿಯಲಿಲ್ಲ.

ಆದರೂ ಈ ವಾದವನ್ನು ಎಳೆದಷ್ಟೂ ಹಿಗ್ಗುವುದೆಂದು ತಿಳಿಯಬಾರದು. ಯಕ್ಷಗಾನದಲ್ಲಿ ಹುಡುಗ ನೋಡುತ್ತಾನೆ. ವಿಡಿಯೋ ಗೇಮಿನಲ್ಲಿ ಕತ್ತಿ ಅವನ ಕೈಯಲ್ಲೇ ಇರುತ್ತದೆ. ಅಜ್ಜಿಯ ಕಥೆಯಲ್ಲಿ ಕರುಳು ಬಗೆದ ಮೇಲೆ ಪ್ರಹ್ಲಾದನ ಸ್ತೋತ್ರವಿದೆ, ನರಸಿಂಹನ ಕೋಪ ಶಮನವಾಗುವ ಮಾತಿದೆ. ಎಲ್ಲಕ್ಕೂ ಮಿಗಿಲಾಗಿ ಪಕ್ಕದಲ್ಲಿ ಅಜ್ಜಿಯಿದ್ದಾಳೆ. ಆ ಮೊಕದ್ದಮೆಯಲ್ಲೇ ನ್ಯಾಯಮೂರ್ತಿ ಅಲಿಟೋ, ಈ ಕಾನೂನು ಅಸ್ಪಷ್ಟವಾದದ್ದರಿಂದ ಬೀಳತಕ್ಕದ್ದೇ ಆದರೂ, ಹೊಸ ಆಟಗಳ ಅನುಭವವನ್ನು ಪುಸ್ತಕ ಓದುವ ಅನುಭವಕ್ಕೆ ಸಮವೆಂದು ಆತುರದಿಂದ ತೀರ್ಮಾನಿಸಬಾರದೆಂದು ಎಚ್ಚರಿಸಿದರು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೇಯರ್ ಮತ್ತೊಂದು ವಿಚಿತ್ರವನ್ನು ತೋರಿಸಿದರು: ಹದಿಮೂರರ ಹುಡುಗನಿಗೆ ಬೆತ್ತಲೆ ಹೆಣ್ಣಿನ ಚಿತ್ರ ಮಾರುವುದನ್ನು ಕಾನೂನು ತಡೆಯಬಲ್ಲುದು, ಅದೇ ಹೆಣ್ಣನ್ನು ಕಟ್ಟಿಹಾಕಿ ಹಿಂಸಿಸುವ ಆಟವನ್ನು ಅವನಿಗೆ ಮಾರಿದರೆ ತಡೆಯಲಾರದು. ಈ ಮಾತಿಗೆ ಸುಲಭವಾದ ಉತ್ತರವಿಲ್ಲ.

ಹಾಗಾದರೆ ಶಾಸ್ತ್ರಜ್ಞರು ಏನು ಹೇಳುತ್ತಾರೆ? ಈ ವಿಷಯದಲ್ಲಿ ಅವರೂ ಎರಡು ಪಂಗಡವಾಗಿ ಹಲವು ವರ್ಷ ಕಾದಾಡಿದ್ದಾರೆ. ಪ್ರಯೋಗಶಾಲೆಯಲ್ಲಿ ಕೊಲೆಯನ್ನು ಅಳೆಯುವಂತಿಲ್ಲ. ಆದ್ದರಿಂದ ಕಾಲೇಜು ಹುಡುಗರಿಗೆ ಸ್ವಲ್ಪ ಹೊತ್ತು ಆಟವಾಡಿಸಿ, ಅನಂತರ ಎದುರಾಳಿಯ ಕಿವಿಗೆ ಕರ್ಕಶವಾದ ಸದ್ದನ್ನು ಎಷ್ಟು ಗಟ್ಟಿಯಾಗಿ, ಎಷ್ಟು ಹೊತ್ತು ಕೇಳಿಸುತ್ತಾರೆಂದು ಅಳೆದವರುಂಟು. ಸದ್ದು ಹೆಚ್ಚಿಸಿದವನೆಲ್ಲ ಕೊಲೆಗಾರನಾಗುವುದಾದರೆ ಮದುವೆಮನೆಯ ಮೈಕಿನವನು ಎಂದೋ ಗಲ್ಲಿಗೇರಬೇಕಿತ್ತು. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಪ್ರಿಜಿಬಿಲ್ಸ್ಕಿ ಅವರೂ ಅವರ ಸಹೋದ್ಯೋಗಿಯೂ ೨೦೧೯ರಲ್ಲಿ ಬ್ರಿಟನ್ನಿನ ೧೪-೧೫ ವರ್ಷದ ೧೦೦೪ ಮಕ್ಕಳ ಆಟದ ವಿವರವನ್ನು ಅವರಿಂದಲೇ ಕೇಳಿ, ಅವರ ನಡತೆಯನ್ನು ಹೆತ್ತವರಿಂದ ಕೇಳಿ ತಿಳಿದರು. ಕ್ರೌರ್ಯದ ಆಟಕ್ಕೂ ಆಕ್ರಮಣದ ನಡತೆಗೂ ಸಂಬಂಧ ಕಾಣಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ೨೦೨೦ರ ಮಾರ್ಚಿನಲ್ಲಿ ಒಂದು ನಡುವಿನ ಮಾತು ಹೇಳಿತು: ಇಂಥ ಆಟಗಳಿಗೂ ಕೂಗಾಟ, ನೂಕಾಟಗಳಂಥ ಒರಟುತನಕ್ಕೂ ಸಣ್ಣದೊಂದು ನಂಟು ಇದೆ, ಆದರೆ ಕೊಲೆ ರಕ್ತಪಾತಗಳಿಗೆ ಅವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ಆಟಗಳ ಮಾರಾಟ ಬೆಟ್ಟದಂತೆ ಬೆಳೆದ ೧೯೯೦ರ ದಶಕದ ಮಧ್ಯಭಾಗದಿಂದೀಚೆಗೇ ಅಮೆರಿಕದ ಕಿಶೋರರ ಹಿಂಸಾಪರಾಧಗಳು ಬಹಳವಾಗಿ ಇಳಿದವೆಂಬುದು ಗಮನಾರ್ಹ. ಜಪಾನಿನ ಹುಡುಗರೂ ಇವೇ ಆಟಗಳನ್ನು ಆಡುತ್ತಾರೆ. ಆದರೆ ಆ ದೇಶದಲ್ಲಿ ಗುಂಡೇಟಿನಿಂದ ಸಾಯುವವರು ಅತಿ ವಿರಳ. ಅಮೆರಿಕದಲ್ಲಿ ೨೦೨೧ರ ಒಂದೇ ವರ್ಷ ಸತ್ತವರು ೪೮,೦೦೦ಕ್ಕೂ ಹೆಚ್ಚು. ಆಟ ಎರಡು ಕಡೆಯೂ ಇದೆ. ಬಂದೂಕು ಒಂದೇ ಕಡೆ ಇದೆ.

ಬರೆ ಎಮ್ಮೆಗೆ ಬಿದ್ದಾಗ ಎತ್ತಿನ ಜ್ವರ ಹೇಗೆ ಉಳಿಯಿತೆಂಬುದಕ್ಕೆ ಎರಡು ನಿದರ್ಶನ ಸಾಕು. ೨೦೦೭ರ ಏಪ್ರಿಲಿನಲ್ಲಿ ವರ್ಜಿನಿಯ ಟೆಕ್ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ೩೨ ಜನರನ್ನು ಕೊಂದನು. ಅವನ ಹೆಸರೇ ಇನ್ನೂ ಸರಿಯಾಗಿ ತಿಳಿಯದಿದ್ದಾಗ ಟೆಲಿವಿಷನ್ನಿನ ಪಂಡಿತರು ವಿಡಿಯೋ ಗೇಮನ್ನು ದೂರಿದರು. ಮುಂದೆ ತನಿಖಾ ಸಮಿತಿ ವಿಚಾರಿಸಿದರೆ, ಅವನೊಡನೆ ವಾಸವಿದ್ದವರು ಅವನು ಆಟ ಆಡುವುದನ್ನು ಕಂಡೇ ಇರಲಿಲ್ಲ. ಕಂಡದ್ದು ಬೇರೆ: ಅವನು ಯಾರೊಡನೆಯೂ ಮಾತನಾಡುತ್ತಿರಲಿಲ್ಲ, ಅವನ ಬರಹವನ್ನು ಓದಿ ಉಪಾಧ್ಯಾಯರೇ ಹೆದರಿದ್ದರು, ೨೦೦೫ರಲ್ಲೇ ನ್ಯಾಯಾಧಿಕಾರಿಯೊಬ್ಬರು ಅವನಿಗೆ ಚಿಕಿತ್ಸೆ ಆಗಬೇಕೆಂದು ಆಜ್ಞೆ ಮಾಡಿದ್ದರು. ಆ ಚಿಕಿತ್ಸೆ ನಡೆಯಲಿಲ್ಲ. ಆ ಆಜ್ಞೆಯ ವಿವರ ಬಂದೂಕು ಮಾರುವವರು ನೋಡುವ ದಾಖಲೆಗೆ ಸೇರಲೂ ಇಲ್ಲ. ಅವನು ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬಂದೂಕು ಕೊಂಡನು.

ಎರಡನೆಯದು ೨೦೧೨ರ ಡಿಸೆಂಬರಿನ ಸ್ಯಾಂಡಿ ಹುಕ್ ಶಾಲೆಯ ದುರಂತ. ೨೦ ಎಳೆಯ ಮಕ್ಕಳೂ ೬ ಮಂದಿ ಶಾಲೆಯ ಸಿಬ್ಬಂದಿಯೂ ಸತ್ತರು. ಒಂದೇ ವಾರದಲ್ಲಿ ಬಂದೂಕುದಾರರ ರಾಷ್ಟ್ರೀಯ ಸಂಘದ ಮುಖ್ಯಸ್ಥರು ಪತ್ರಿಕಾಗೋಷ್ಠಿ ಕರೆದು ವಿಡಿಯೋ ಗೇಮುಗಳ ಹೆಸರು ಹಿಡಿದು ಖಂಡಿಸಿದರು. ಕೊಂದವನು ಕ್ರೂರವಾದ ಆಟಗಳನ್ನು ಇಟ್ಟುಕೊಂಡಿದ್ದುದು ನಿಜ. ಆದರೆ ೨೦೧೩ರ ತನಿಖಾ ವರದಿಯಂತೆ, ಅವನು ಸಿನಿಮಾಮಂದಿರದ ಮೊಗಸಾಲೆಯಲ್ಲಿ ಗಂಟೆಗಟ್ಟಲೆ ನಿಂತು ಆಡುತ್ತಿದ್ದದ್ದು ಸಂಗೀತಕ್ಕೆ ತಕ್ಕಂತೆ ಹೆಜ್ಜೆ ಹಾಕುವ ಒಂದು ಕುಣಿತದ ಆಟವನ್ನು. ತಾಯಿಯೊಡನೆ ಒಂದೇ ಮನೆಯಲ್ಲಿದ್ದೂ ಅವನು ಇ-ಮೇಲಿನ ಮೂಲಕ ಮಾತ್ರ ವ್ಯವಹರಿಸುತ್ತಿದ್ದನು. ಕೋಣೆಯ ಕಿಟಕಿಗಳಿಗೆ ಕಪ್ಪು ಪ್ಲಾಸ್ಟಿಕ್ ಅಂಟಿಸಿದ್ದನು. ಅದೇ ಮನೆಯಲ್ಲಿ ತಾಯಿ ಕಾನೂನುಬದ್ಧವಾಗಿ ಕೊಂಡ ಬಂದೂಕುಗಳಿದ್ದವು. ಕಪ್ಪು ಪ್ಲಾಸ್ಟಿಕ್ ಅಂಟಿಸಿದ ಆ ಕಿಟಕಿಗಳ ಹಿಂದೆ ನಡೆಯುತ್ತಿದ್ದದ್ದನ್ನು ಕೇಳುವವರಿರಲಿಲ್ಲ.

ಎಲ್ಲ ಕೊಲೆಗಳಲ್ಲೂ ಆಟವನ್ನು ದೂರುವುದಿಲ್ಲವೆಂಬುದು ಇನ್ನೂ ಸೋಜಿಗ. ಅಮೆರಿಕದ ೨೦೪ ಸಾಮೂಹಿಕ ಹತ್ಯೆಗಳ ಬಗ್ಗೆ ಬಂದ ಎರಡು ಲಕ್ಷಕ್ಕೂ ಹೆಚ್ಚು ಸುದ್ದಿಗಳನ್ನು ಕೆಲವು ವಿದ್ವಾಂಸರು ಪರಿಶೀಲಿಸಿ ೨೦೧೯ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಶಾಲೆಯಲ್ಲಿ ಗುಂಡು ಹಾರಿಸಿದವನು ಬಿಳಿಯನಾಗಿದ್ದರೆ ಸುದ್ದಿಯಲ್ಲಿ ವಿಡಿಯೋ ಗೇಮಿನ ಮಾತು ಬರುವ ಸಂಭವ, ಅವನು ಕರಿಯನಾಗಿದ್ದಾಗ ಬರುವುದಕ್ಕಿಂತ ಎಂಟು ಪಟ್ಟಿಗೂ ಹೆಚ್ಚು. ಕರಿಯ ಹುಡುಗ ಕೊಂದರೆ ಅವನು ಹುಟ್ಟಾ ಅಂಥವನೇ ಎಂದು ಜನ ಸುಮ್ಮನಾಗುತ್ತಾರೆ. ಒಳ್ಳೆಯ ಮನೆತನದ, ಅಚ್ಚುಕಟ್ಟಾಗಿ ತಲೆ ಬಾಚಿದ ಹುಡುಗ ಕೊಂದರೆ ಮಾತ್ರ ಯಾವುದೋ ಹೊರಗಿನ ದೆವ್ವ ಹೊಕ್ಕಿರಬೇಕು! ಹೀಗೆ ಆಟದ ಮೇಲಿನ ಅಪವಾದ ಮರ್ಯಾದಸ್ಥರ ಮನೆಗಳಿಗೆ ಕಟ್ಟಿದ ತಾಯಿತವಾಗಿದೆ. ಆ ಹುಡುಗನಿಗೂ ತಮ್ಮ ಹುಡುಗನಿಗೂ ಹೋಲಿಕೆ ಕಂಡು ಬೆದರಿದವರಿಗೆ ಅದು ಧೈರ್ಯ ಕೊಡುತ್ತದೆ.

ತಾಯಿತ ಕಟ್ಟುವ ಕೈ ಒಮ್ಮೊಮ್ಮೆ ಬಹು ದೊಡ್ಡದಾಗಿರುತ್ತದೆ. ೨೦೧೯ರ ಆಗಸ್ಟಿನಲ್ಲಿ ಟೆಕ್ಸಾಸಿನ ಎಲ್ ಪಾಸೋ ಊರಿನ ವಾಲ್‌ಮಾರ್ಟ್ ಅಂಗಡಿಯಲ್ಲಿ ಒಬ್ಬನು ಗುಂಡು ಹಾರಿಸಿದನು; ಗಾಯದಿಂದ ಮುಂದೆ ತೀರಿಕೊಂಡವರೂ ಸೇರಿ ಸತ್ತವರು ೨೩. ವಲಸೆಗಾರರ ಮೇಲಿನ ದ್ವೇಷವನ್ನು ಅವನೇ ತನ್ನ ಬರಹದಲ್ಲಿ ಸಾರಿದ್ದನು. ಎರಡು ದಿನದ ಮೇಲೆ ಅಧ್ಯಕ್ಷ ಟ್ರಂಪ್ ದೇಶವನ್ನುದ್ದೇಶಿಸಿ ಮಾತನಾಡುತ್ತ, ದ್ವೇಷವನ್ನು ಖಂಡಿಸಿದರಾದರೂ, ಬೀಭತ್ಸವಾದ ವಿಡಿಯೋ ಗೇಮುಗಳನ್ನೂ ಕಾರಣಗಳ ಪಟ್ಟಿಗೆ ಸೇರಿಸಿದರು. ವಾಲ್‌ಮಾರ್ಟಿನವರು ತಮ್ಮ ಅಂಗಡಿಗಳಲ್ಲಿ ಕ್ರೌರ್ಯದ ಆಟಗಳ ಜಾಹೀರಾತುಗಳನ್ನು ತೆಗೆದಿಡಲು ಆಜ್ಞೆ ಮಾಡಿದರು. ಬಂದೂಕುಗಳ ಮಾರಾಟ ಆಗ ಎಂದಿನಂತೆ ನಡೆದಿತ್ತು. ಮುಂದಿನ ತಿಂಗಳು ಪಿಸ್ತೂಲಿನ ಗುಂಡುಗಳ ಮಾರಾಟವನ್ನು ನಿಲ್ಲಿಸುವುದಾಗಿ ಅವರು ಸಾರಿದರೆಂಬುದನ್ನೂ ಹೇಳುವುದು ನ್ಯಾಯ. ಆದರೆ ಮೊದಲು ನೆನಪಾದದ್ದು ಆಟ.

ಭಾರತವೂ ಈ ಪದ್ಧತಿಯಿಂದ ಹೊರತಲ್ಲ. ೨೦೧೯ರ ಜನವರಿಯಲ್ಲಿ ದೆಹಲಿಯ ಸಭೆಯೊಂದರಲ್ಲಿ ತಾಯಿಯೊಬ್ಬರು ಮಗನ ಆಟದ ಚಟವನ್ನು ಹೇಳಿಕೊಂಡಾಗ, ಅವನು ಪಬ್ಜಿ ಆಡುವವನೇ ಎಂದು ಪ್ರಧಾನಿಗಳು ಕೇಳಿದರು, ಸಭೆಯೇ ನಕ್ಕಿತು. ಮಾರ್ಚಿನಲ್ಲಿ ರಾಜಕೋಟೆಯ ಪೊಲೀಸರು ನಗಲಿಲ್ಲ. ಆ ಆಟವನ್ನು ನಿಷೇಧಿಸಿ, ಬೀದಿಬದಿಯಲ್ಲಿ ಮೊಬೈಲ್ ಹಿಡಿದು ಆಡುತ್ತಿದ್ದ ಹುಡುಗರನ್ನು ದಸ್ತಗಿರಿ ಮಾಡಿದರು. ಅದೇ ವರ್ಷ ಬೆಳಗಾವಿ ಜಿಲ್ಲೆಯಲ್ಲಿ ಮಗನೊಬ್ಬ ತಂದೆಯನ್ನು ಕೊಂದ ಘೋರ ಸುದ್ದಿ ಬಂದಾಗ ತಲೆಬರಹಗಳಲ್ಲಿ ಎದ್ದು ಕಂಡ ಹೆಸರೂ ಪಬ್ಜಿಯದೇ. ೨೦೨೦ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆ ಆಟವನ್ನು ತಡೆದದ್ದು ದೇಶದ ಭದ್ರತೆಯ ಕಾರಣದಿಂದ, ಹಿಂಸೆಯ ಕಾರಣದಿಂದಲ್ಲ. ಮರುವರ್ಷ ಅದು ಬೇರೆ ಹೆಸರಿನಲ್ಲಿ ಹಿಂದಿರುಗಿತು. ನಡುವೆ ಆಟವಿಲ್ಲದ ತಿಂಗಳುಗಳಲ್ಲಿ ಮನೆಗಳೊಳಗಿನ ಜಗಳಗಳು ತೀರಿಹೋದವೆಂದು ಯಾರೂ ಹೇಳಿಲ್ಲ.

ಹೀಗೆಂದ ಮಾತ್ರಕ್ಕೆ ಆಟ ನಿರಪರಾಧಿ, ಮಕ್ಕಳು ಹಗಲಿರುಳು ಆಡಲಿ ಎಂದರ್ಥವಲ್ಲ. ಕೊಲೆಯ ಆರೋಪದಿಂದ ಬಿಡುಗಡೆಯಾದವನು ಕಳ್ಳನೂ ಅಲ್ಲವೆಂದು ಹೇಳಲಾದೀತೆ? ಆಟ ಕದಿಯುವುದು ನಿದ್ರೆಯನ್ನು, ಊಟದ ಹೊತ್ತನ್ನು, ಓದನ್ನು, ಕಣ್ಣನ್ನು. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಅಂಗೀಕರಿಸಿ ೨೦೨೨ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನಕ್ಕೂ ಒಂದು ಸ್ಥಾನವಿದೆ. ಅದರ ಲಕ್ಷಣಗಳೆಂದರೆ ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲವೂ ಆಟದ ಮುಂದೆ ಹಿಂದೆ ಬೀಳುವುದು, ಕೇಡು ಕಣ್ಣಿಗೆ ಕಂಡರೂ ಬಿಡಲಾರದೆ ಹೋಗುವುದು. ಸಾಧಾರಣವಾಗಿ ಒಂದು ವರ್ಷ ಹೀಗೆ ನಡೆದರೆ ಅದನ್ನು ರೋಗವೆನ್ನುತ್ತಾರೆ. ಈ ಲಕ್ಷಣಗಳಲ್ಲಿ ರಕ್ತಪಾತದ ಮಾತಿಲ್ಲ. ಹೂದೋಟ ಬೆಳೆಸುವ ಆಟಕ್ಕೂ ಇವು ಅನ್ವಯಿಸುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ೨೦೧೪ರಲ್ಲೇ ಮೊಬೈಲು, ಇಂಟರ್ನೆಟ್ಟುಗಳಿಗೆ ಅಂಟಿಕೊಂಡವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಇಂಥ ಮಕ್ಕಳಲ್ಲಿ ಆಟದ ಹಿಂದೆ ಖಿನ್ನತೆಯೋ ಅಂಜಿಕೆಯೋ ಮನೆಯ ಕಲಹವೋ ಅಡಗಿರುವುದು ವೈದ್ಯರಿಗೆ ಹೊಸ ಸಂಗತಿಯಲ್ಲ.

ಬಸವನಗುಡಿಯಲ್ಲೋ, ಮೈಸೂರಿನ ಸರಸ್ವತೀಪುರದಲ್ಲೋ, ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ರಾತ್ರಿ ಹನ್ನೊಂದು ಗಂಟೆ. ಮುಚ್ಚಿದ ಕೋಣೆಯೊಳಗಿಂದ “ಹೊಡಿ, ಹೊಡಿ, ಹಿಂದೆ ಬಂದ ನೋಡು!” ಎಂಬ ಕೂಗು. ನಡುಮನೆಯಲ್ಲಿ ಮಲಗಿದ್ದ ಅಜ್ಜಿ ಬೆಚ್ಚಿ ಏಳುತ್ತಾರೆ.

“ಯಾರನ್ನೋ ಹೊಡೆಯೋದು, ಮಗು?”

“ಯಾರನ್ನೂ ಇಲ್ಲ ಅಜ್ಜಿ, ಆಟ. ನೀವು ಮಲಕ್ಕೊಳ್ಳಿ.”

ಬೆಳಗಿನ ಪತ್ರಿಕೆಯಲ್ಲಿ ಕೊಲೆಯ ಸುದ್ದಿ ಓದಿ ನಡುಗಿದ್ದ ತಂದೆ ಬಾಗಿಲು ತಟ್ಟಿ, ನಾಳೆಯಿಂದ ಮೊಬೈಲು ಬಂದ್ ಎಂದು ಗುಡುಗುತ್ತಾರೆ. ತಾಯಿ ನಡುವೆ ಬರುತ್ತಾರೆ. ಬಾಗಿಲು ಮತ್ತೂ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಆಟದಲ್ಲಿ ಜೊತೆಗಿರುವವರು ಯಾರು, ಮೊದಲು ಸಂಜೆ ಆಡಲು ಬರುತ್ತಿದ್ದ ಗೆಳೆಯ ಏಕೆ ಬರುವುದನ್ನು ಬಿಟ್ಟ, ಹೊಸ ಶಾಲೆಯಲ್ಲಿ ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂರುವವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಗಳು ಆ ರಾತ್ರಿ ಹುಟ್ಟುವುದಿಲ್ಲ. ಹುಡುಗನನ್ನು ಕಾದು, ನೀನು ಬಂದೆಯಾ ಎಂದು ಸಂತೋಷಪಡುವವರು ಇಡೀ ಜಗತ್ತಿನಲ್ಲಿ ಆ ಆಟದೊಳಗೆ ಮಾತ್ರ ಇದ್ದರೆ, ಮೊಬೈಲನ್ನು ಕಿತ್ತುಕೊಂಡವರು ಬಂದೂಕಿನ ಜೊತೆಗೆ ಗೆಳೆಯರನ್ನೂ ಕಿತ್ತುಕೊಂಡಂತಾಗುತ್ತದೆ. ಆ ಹುಡುಗ ಯಾರನ್ನೂ ಕೊಲ್ಲುವವನಲ್ಲ. ನೂರಕ್ಕೆ ನೂರು ಮಂದಿ ಇಂಥ ಹುಡುಗರು ಯಾರನ್ನೂ ಕೊಲ್ಲುವುದಿಲ್ಲವೆನ್ನಬಹುದು. ಆದರೆ ಕೊಲ್ಲದಿರುವುದಷ್ಟೇ ಸುಖವಲ್ಲ.

ವಯಸ್ಸಿನ ಗುರುತು ನೋಡಿ ಆಟ ಕೊಡಿಸುವುದು, ಮಲಗುವ ಕೋಣೆಯಿಂದ ಯಂತ್ರವನ್ನು ಹೊರಗಿಡುವುದು, ಪರೀಕ್ಷೆ ನಿದ್ರೆಗಳ ಹೊತ್ತನ್ನು ಕಾಯುವುದು, ಇವೆಲ್ಲ ಮನೆಯ ಹಿರಿಯರ ಕೆಲಸವೇ. ಒಂದು ಸಂಜೆ ಹುಡುಗನ ಪಕ್ಕದಲ್ಲಿ ಕುಳಿತು, ಇದನ್ನು ಹೇಗೆ ಆಡುವುದು ತೋರಿಸು ಎಂದು ಕೇಳುವುದೂ ಅವರ ಕೆಲಸವೇ. ಹೀಗೆ ಕೇಳಿದ ತಂದೆ ಮೊದಲನೆಯ ನಿಮಿಷದಲ್ಲೇ ಸತ್ತುಬೀಳುತ್ತಾನೆ, ಮಗ ನಗುತ್ತಾನೆ, ಆ ನಗುವಿನ ಹಿಂದೆ ಒಂದೆರಡು ಮಾತು ಬರುತ್ತವೆ. ಆ ಮಾತುಗಳನ್ನು ಯಾವ ನಿಷೇಧವೂ ಹೊರಡಿಸಲಾರದು, ಯಾವ ಪ್ರಯೋಗಶಾಲೆಯೂ ಅಳೆಯಲಾರದು.

ಡಾಕ್ಟರ್ ವರ್ಥಮ್ಮರು ಕೈಯಿಂದ ಬರೆದು ಅಚ್ಚಿಗೆ ಕೊಡದೆ ಬಿಟ್ಟ ಸಾಲುಗಳು ಸುಮಾರು ಅರುವತ್ತು ವರ್ಷ ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. ಅವು ಬೆಳಕಿಗೆ ಬರುವ ಹೊತ್ತಿಗೆ ಓದಲು ಬಾರದಿದ್ದ ಆ ಹದಿಮೂರರ ಹುಡುಗಿ ಬದುಕಿದ್ದರೆ ಎಪ್ಪತ್ತರ ಮುದುಕಿಯಾಗಿರಬೇಕು. ಅವಳನ್ನು ಕೆಡಿಸಿದವೆಂದು ಹೇಳಲಾದ ಪುಸ್ತಕಗಳು ಅಷ್ಟರಲ್ಲಿ ಸಂಗ್ರಹಕಾರರ ಗಾಜಿನ ಬೀರು ಸೇರಿದ್ದವು. ಮುಂದೆ ಇನ್ನೊಂದು ಆಟ ಬರುತ್ತದೆ, ಇನ್ನೊಂದು ಯಂತ್ರ ಬರುತ್ತದೆ. ಬರೆ ಹಾಕಲು ಎಮ್ಮೆಗಳಿಗೆ ಎಂದೂ ಕೊರತೆಯಿಲ್ಲ. ಕೊಟ್ಟಿಗೆಗೆ ಹೋಗಿ ಎತ್ತಿನ ಮೈ ಮುಟ್ಟಿ ನೋಡುವವರು ಬೇಕಾಗಿದ್ದಾರೆ.